ಸಿಂಕಿನಿಂದ ಶುರುವಾಗುವ ಅಡುಗೆ

ಅಡುಗೆ ಕಲಿಯಲು ಹೊರಟು ಅರ್ಧದಲ್ಲೇ ಕೈಬಿಟ್ಟವರನ್ನು ಕಂಡಾಗಲೆಲ್ಲ ನಾನು ಕಾರಣ ಕೇಳುತ್ತೇನೆ. ರುಚಿ ಬರಲಿಲ್ಲ ಎನ್ನುವವರು ಕಡಿಮೆ. ಬೇಯಿಸುವುದೇ ಬೇಸರ ಎನ್ನುವವರು ಇನ್ನೂ ಕಡಿಮೆ. ಹೆಚ್ಚಿನವರು ಹೇಳಿಕೊಳ್ಳುವುದು ಉಂಡಾದ ಮೇಲಿನ ಪಾಡನ್ನು: ಸಿಂಕಿನ ತುಂಬ ಮುಸುರೆ, ಒಲೆಯ ಸುತ್ತ ಸಿಡಿದ ಎಣ್ಣೆ, ತಳ ಹಿಡಿದ ಬಾಣಲೆ, ಕಟ್ಟೆಯ ಮೇಲೆ ಒಣಗುತ್ತಿರುವ ಸಿಪ್ಪೆ. ದಣಿದು ಮನೆಗೆ ಬಂದವರಿಗೆ ಅರ್ಧ ಗಂಟೆ ಬೇಯಿಸುವ ಉತ್ಸಾಹ ಹೇಗೋ ಹುಟ್ಟೀತು. ಹೊಟ್ಟೆ ತುಂಬಿದ ಮೇಲೆ ಮತ್ತೆ ಅಷ್ಟೇ ಹೊತ್ತು ತಿಕ್ಕುತ್ತ ನಿಲ್ಲುವ ಉತ್ಸಾಹ ಯಾರಲ್ಲಿ ಉಳಿದಿರುತ್ತದೆ? ಎರಡು ಮೂರು ದಿನ ಹೀಗಾದರೆ ಮರುದಿನ ಊಟ ಹೊರಗಿನಿಂದ ಬರುತ್ತದೆ. ಅವರನ್ನು ಸೋಮಾರಿಗಳೆಂದು ಕರೆಯುವುದು ಅನ್ಯಾಯ. ಅವರಿಗೆ ಅಡುಗೆ ಹೇಳಿಕೊಟ್ಟವರು ಒಂದು ಭಾಗವನ್ನೇ ಬಿಟ್ಟುಬಿಟ್ಟಿದ್ದಾರೆ.

ಆ ಬಿಟ್ಟುಹೋದ ಭಾಗದ ಬಗ್ಗೆಯೇ ಇಂದು ಮಾತನಾಡುತ್ತೇನೆ. ತೊಳೆಯುವ ಕೆಲಸ ಎಷ್ಟಿರುತ್ತದೆ ಎಂಬುದು ಒಲೆ ಹಚ್ಚುವ ಮೊದಲೇ ತೀರ್ಮಾನವಾಗಿರುತ್ತದೆ. ಯಾವ ಪಾತ್ರೆ ಕೈಗೆತ್ತಿಕೊಂಡಿರಿ, ಯಾವುದನ್ನು ಮೊದಲು ಹೆಚ್ಚಿದಿರಿ, ಯಾವುದು ಯಾವಾಗ ಒಲೆಯ ಮೇಲಕ್ಕೆ ಹೋಯಿತು, ಇಷ್ಟರಲ್ಲೇ ಅದು ಅಡಗಿದೆ. ಬೇಗ ಅಡುಗೆ ಮುಗಿಸುವವರನ್ನು ಹತ್ತಿರ ನಿಂತು ನೋಡಿ. ಅವರ ಕೈ ಅವಸರ ಪಡುತ್ತಿರುವುದಿಲ್ಲ. ಒಂದು ಕೆಲಸ ಮುಗಿಯುವ ಹೊತ್ತಿಗೆ ಮುಂದಿನದು ಸಿದ್ಧವಾಗಿರುತ್ತದೆ, ಅಷ್ಟೆ. ಕೈಯ ಚಳಕ ಬರಲು ವರ್ಷಗಳು ಬೇಕು. ಕ್ರಮವನ್ನು ಈ ವಾರವೇ ಕಲಿಯಬಹುದು. ಆದ್ದರಿಂದ ನಾನು ಹೊಸಬರಿಗೆ ಅಡುಗೆಯನ್ನು ಸಿಂಕಿನ ಕಡೆಯಿಂದ ಹೇಳಿಕೊಡುತ್ತೇನೆ: ಕೊನೆಗೆ ತೊಳೆಯಲು ಏನೇನು ಉಳಿಯಬೇಕು ಎಂದು ಮೊದಲು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಯೋಚಿಸಿ.

ಮೊದಲು ಸಮಯದ ಲೆಕ್ಕವನ್ನು ಸರಿಪಡಿಸಿಕೊಳ್ಳೋಣ. ‘20 ನಿಮಿಷದ ಅಡುಗೆ’ ಎಂದು ತಲೆಬರಹವಿರುವ ಯಾವುದಾದರೂ ಪಾಕವಿಧಾನದ ಸಾಮಗ್ರಿ ಪಟ್ಟಿಯನ್ನು ಓದಿ. ಸಣ್ಣಗೆ ಹೆಚ್ಚಿದ ಈರುಳ್ಳಿ, ಸುಲಿದ ಬೆಳ್ಳುಳ್ಳಿ, ಬೇಯಿಸಿಟ್ಟ ಕಾಳು ಎಂದಿರುತ್ತದೆ. ಹೆಚ್ಚಿದ, ಸುಲಿದ, ಬೇಯಿಸಿದ ಹೊತ್ತು ಆ 20 ನಿಮಿಷದಲ್ಲಿ ಸೇರಿಲ್ಲ. ‘ಈರುಳ್ಳಿಯನ್ನು ಐದು ನಿಮಿಷ ಹುರಿದು ಕಂದು ಬಣ್ಣಕ್ಕೆ ತನ್ನಿ’ ಎಂಬ ಸಾಲಂತೂ ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ. ಐದು ನಿಮಿಷದಲ್ಲಿ ಈರುಳ್ಳಿ ಮೆತ್ತಗಾದೀತು. ಒಳಗಿನವರೆಗೂ ಕಂದು ತಿರುಗಿ ಸಿಹಿಯಾಗಬೇಕಾದರೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಆಸುಪಾಸು ಬೇಕು. ಕಲಿಯುವವರು ಆ ಸಾಲನ್ನು ನಂಬಿ ಉರಿ ಏರಿಸುತ್ತಾರೆ, ಅಂಚು ಸೀಯುತ್ತದೆ, ತಮಗೆ ಅಡುಗೆ ಒಲಿಯುವುದಿಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ. ಹಾಗಾಗಿ ಫ್ರಿಜ್‌ನ ಬಾಗಿಲು ತೆರೆದಲ್ಲಿಂದ ಕಟ್ಟೆ ಒರೆಸಿದ ಬಟ್ಟೆಯನ್ನು ಹಿಂಡಿ ಹರವುವವರೆಗಿನ ಹೊತ್ತನ್ನೆಲ್ಲ ಅಡುಗೆಯ ಸಮಯ ಎಂದೇ ಎಣಿಸಿ. ಉಣ್ಣುವ ಹೊತ್ತನ್ನು ಬಿಟ್ಟು ಉಳಿದದ್ದೆಲ್ಲ ಮುಕ್ಕಾಲು ಗಂಟೆಯೊಳಗೆ ಮುಗಿದರೆ ಅದನ್ನು ಬೇಗನೆ ಆಗುವ ಅಡುಗೆ ಎನ್ನಬಹುದು.

ಸಲಕರಣೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗಲವಾದ, ದಪ್ಪ ತಳದ, ಸರಿಯಾಗಿ ಕೂರುವ ಮುಚ್ಚಳವಿರುವ ಒಂದು ಬಾಣಲೆ. ಒಂದು ಪ್ರೆಶರ್ ಕುಕ್ಕರ್. ದೊಡ್ಡದೊಂದು ಹೆಚ್ಚುವ ಮಣೆ. ಹರಿತವಾದ ಒಂದು ಚಾಕು. ಒಂದು ಮರದ ಸೌಟು. ದಪ್ಪ ತಳದಲ್ಲಿ ಶಾಖ ಸಮನಾಗಿ ಹರಡುವುದರಿಂದ ಒಂದೇ ಕಡೆ ಸೀಯುವುದು ಕಡಿಮೆ. ಮುಚ್ಚಳದ ಬೆಲೆ ಹಲವರಿಗೆ ತಿಳಿದಿಲ್ಲ. ಆವಿಯಾಗುವ ನೀರು ಪಾತ್ರೆಯ ಶಾಖವನ್ನೂ ಹೊತ್ತೊಯ್ಯುತ್ತದೆ. ಮುಚ್ಚಿದರೆ ಆ ಶಾಖ ಒಳಗೇ ಉಳಿದು ನೀರು ಬೇಗ ಕುದಿಯುತ್ತದೆ, ಗೋಡೆಗೆ ಸಿಡಿಯುವುದೂ ತಪ್ಪುತ್ತದೆ. ನಾನ್‌ಸ್ಟಿಕ್ ಬಾಣಲೆ ಇದ್ದರೆ ಧಾರಾಳವಾಗಿ ಬಳಸಿ, ಆದರೆ ಅದನ್ನು ಖಾಲಿಯಾಗಿ ದೊಡ್ಡ ಉರಿಯ ಮೇಲೆ ಬಿಟ್ಟು ಹೋಗಬೇಡಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪನ ಕೆಡಲು ತೊಡಗುತ್ತದೆ. ಚಾಕುವಿನ ವಿಷಯದಲ್ಲಿ ಹೊಸಬರ ಹೆದರಿಕೆ ತಿರುವುಮುರುವಾಗಿದೆ. ಹರಿತವಿಲ್ಲದ ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದಾಗ ಅದು ಜಾರುತ್ತದೆ, ಜಾರಿದ್ದು ಬೆರಳಿಗೆ ಬರುತ್ತದೆ. ಮಣೆಯ ಅಡಿಗೆ ಒಂದು ಒದ್ದೆ ಬಟ್ಟೆ ಹಾಸಿದರೆ ಮಣೆ ಅಲುಗುವುದಿಲ್ಲ.

ಈಗ ಒಂದು ಊಟವನ್ನು ಮೊದಲಿನಿಂದ ಕೊನೆಯವರೆಗೆ ಜೊತೆಯಾಗಿ ಮಾಡೋಣ. ಒಂದೇ ಪಾತ್ರೆಯಲ್ಲಿ ಅಕ್ಕಿ, ಕೆಂಪು ಮಸೂರ ಬೇಳೆ, ಈರುಳ್ಳಿ, ಕ್ಯಾರೆಟ್, ಟೊಮೆಟೊ, ಒಂದು ಹಿಡಿ ಸೊಪ್ಪು. ಇಬ್ಬರ ಊಟ. ಈ ಬೇಳೆಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ: ಸಿಪ್ಪೆ ತೆಗೆದು ಒಡೆದ ಚಿಕ್ಕ ಬೇಳೆ ನೆನೆಯದೆಯೂ ಸುಮಾರು ಅಕ್ಕಿಯಷ್ಟೇ ಹೊತ್ತಿನಲ್ಲಿ ಬೇಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಬಹುದು, ಎರಡು ಪಾತ್ರೆ ಬೇಡ.

ಮೊದಲ ಕೆಲಸ ಸಿಂಕನ್ನು ಖಾಲಿ ಮಾಡುವುದು. ಇದನ್ನು ಬಿಡಲೇಬೇಡಿ. ಸಿಂಕಿನಲ್ಲಿ ಪಾತ್ರೆ ಇದ್ದರೆ ಅಡುಗೆಯ ನಡುವೆ ಏನನ್ನೂ ತೊಳೆಯಲಾಗುವುದಿಲ್ಲ, ಆಮೇಲೆ ಎಲ್ಲವೂ ರಾಶಿ ಬೀಳುತ್ತದೆ. ಎರಡನೆಯದು, ತಾನಾಗಿ ನಡೆಯುವ ಕೆಲಸಕ್ಕೆ ಮೊದಲು ಚಾಲನೆ ಕೊಡುವುದು. ಕೆಟಲ್ ಇದ್ದರೆ ನೀರು ಕಾಯಲು ಇಡಿ, ಅಕ್ಕಿ ಬೇಳೆಯನ್ನು ತೊಳೆದು ನೀರಿನಲ್ಲಿ ಬಿಡಿ. ಅದಾದ ಮೇಲೆಯೇ ಚಾಕು ಹಿಡಿಯಿರಿ. ಹೊಸಬರು ಇದನ್ನು ತಿರುಗಿಸಿ ಮಾಡುತ್ತಾರೆ: ಎಲ್ಲವನ್ನೂ ಹೆಚ್ಚಿ ಮುಗಿಸಿ, ಆಮೇಲೆ ನೀರು ಇಟ್ಟು, ಅದು ಕುದಿಯುವುದನ್ನು ನೋಡುತ್ತ ನಿಲ್ಲುತ್ತಾರೆ.

ಹೆಚ್ಚುವುದಕ್ಕೂ ಒಂದು ಸರದಿ ಇದೆ. ಒಣಗಿದ್ದು ಮೊದಲು, ಒದ್ದೆಯಾದದ್ದು ನಂತರ. ಮಾಂಸ ಅಥವಾ ಮೀನು ಇದ್ದರೆ ಎಲ್ಲಕ್ಕಿಂತ ಕೊನೆಗೆ. ಕ್ಯಾರೆಟ್ ಹೆಚ್ಚಿದ ಮಣೆಯ ಮೇಲೆ ಹಾಗೆಯೇ ಈರುಳ್ಳಿ ಹೆಚ್ಚಬಹುದು, ಈರುಳ್ಳಿಯ ಮೇಲೆ ಟೊಮೆಟೊ ಹೆಚ್ಚಬಹುದು. ಮೊದಲೇ ಟೊಮೆಟೊ ಹೆಚ್ಚಿದಿರೋ, ಮಣೆ ತೊಯ್ದು ಎಲ್ಲವೂ ಅಂಟುತ್ತದೆ, ತೊಳೆಯಲು ಏಳಬೇಕಾಗುತ್ತದೆ. ಹಸಿ ಮಾಂಸವನ್ನು ಮೊದಲು ಹೆಚ್ಚಿದರೆ ಆ ಮಣೆಯನ್ನು ಸೋಪು ಹಾಕಿ ತೊಳೆಯದೆ ಮತ್ತೇನನ್ನೂ ಅದರ ಮೇಲೆ ಇಡುವಂತಿಲ್ಲ. ಇದು ಶ್ರಮದ ಮಾತಲ್ಲ, ಆರೋಗ್ಯದ ಮಾತು. ಸರದಿ ಸರಿಯಿದ್ದರೆ ಮಣೆಯನ್ನೂ ಚಾಕುವನ್ನೂ ಇಡೀ ಅಡುಗೆಗೆ ಒಂದೇ ಸಲ ತೊಳೆದರೆ ಸಾಕು. ಹೆಚ್ಚಿದ್ದನ್ನು ತುಂಬಿಡಲು ಪುಟ್ಟ ಪುಟ್ಟ ಬಟ್ಟಲುಗಳನ್ನು ಸಾಲಾಗಿ ಇಡುವ ದೃಶ್ಯ ವಿಡಿಯೊಗಳಲ್ಲಿ ಚೆನ್ನಾಗಿ ಕಾಣುತ್ತದೆ. ಅವುಗಳನ್ನು ತೊಳೆಯುವವರು ಚಿತ್ರದಲ್ಲಿ ಇರುವುದಿಲ್ಲ. ಮನೆಯಲ್ಲಿ ತರಕಾರಿಯನ್ನು ಮಣೆಯ ಮೂಲೆಗೆ ಸರಿಸಿಡಿ. ಜಾಗ ಸಾಲದಿದ್ದರೆ ನೀವು ಊಟ ಮಾಡಲಿರುವ ತಟ್ಟೆಯಲ್ಲೇ ಹಾಕಿಡಿ. ಅದನ್ನು ಹೇಗೂ ತೊಳೆಯುವುದಿದೆ. ಸಿಪ್ಪೆಗೆ ಪಕ್ಕದಲ್ಲೇ ಒಂದು ಡಬ್ಬಿ ಇರಲಿ.

ಹೋಳಿನ ಗಾತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಶಾಖ ತರಕಾರಿಯ ಹೊರಗಿನಿಂದ ಒಳಕ್ಕೆ ಹರಿಯಲು ಹಿಡಿಯುವ ಹೊತ್ತು ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೋಳಿನ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಒಳಗಿನವರೆಗೆ ಬಿಸಿಯಾಗಲು ಸುಮಾರು ಕಾಲು ಭಾಗದಷ್ಟು ಹೊತ್ತು ಸಾಕು. ಬೇಗ ಬೇಯಿಸಲು ಉರಿ ಏರಿಸುವವರೇ ಹೆಚ್ಚು, ಆದರೆ ನೀರು ಒಮ್ಮೆ ಕುದಿಯಲು ತೊಡಗಿದ ಮೇಲೆ ಉರಿ ಎಷ್ಟೇ ಏರಿಸಿದರೂ ತೆರೆದ ಪಾತ್ರೆಯಲ್ಲಿ ಅದು ಸುಮಾರು 100 ಡಿಗ್ರಿಯಲ್ಲೇ ನಿಲ್ಲುತ್ತದೆ. ಉಕ್ಕಿ ಹರಿದು ಒಲೆ ಕೊಳೆಯಾಗುವುದಷ್ಟೇ ಲಾಭ. ಬೇಗ ಬೇಯಬೇಕೆಂದರೆ ತೆಳ್ಳಗೆ ಹೆಚ್ಚಿ. ಮತ್ತೆ, ಗಟ್ಟಿ ತರಕಾರಿಯನ್ನು ಸಣ್ಣಗೂ ಮೆತ್ತನೆಯದನ್ನು ದಪ್ಪಗೂ ಹೆಚ್ಚಿದರೆ ಎರಡೂ ಒಂದೇ ಹೊತ್ತಿಗೆ ಹದಕ್ಕೆ ಬರುತ್ತವೆ.

ಪಾತ್ರೆಗೆ ಬರೋಣ. ಎಣ್ಣೆ ಕಾಯಿಸಿ, ಒಗ್ಗರಣೆಯನ್ನು ಅದೇ ಪಾತ್ರೆಯಲ್ಲಿ ಮೊದಲೇ ಮುಗಿಸಿ. ಕೊನೆಗೆ ಬೇರೆ ಚಿಕ್ಕ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಸುರಿದರೆ ಪರಿಮಳ ಒಂದು ಗುಣ ಹೆಚ್ಚಿರುತ್ತದೆ, ನಿಜ. ಆದರೆ ಜಿಡ್ಡಿನ ಪಾತ್ರೆಯೊಂದು ಉಳಿಯುತ್ತದೆ. ವಾರದ ದಿನಗಳಲ್ಲಿ ನಾನು ಪಾತ್ರೆ ಉಳಿಸುವ ಕಡೆಗೇ ಇದ್ದೇನೆ. ಈರುಳ್ಳಿ ಬಾಡಿದ ಮೇಲೆ ಕ್ಯಾರೆಟ್, ಅದರ ಮೇಲೆ ಸೋಸಿದ ಒಂದು ಲೋಟ ಅಕ್ಕಿ ಬೇಳೆ, ಮೂರೂವರೆ ಲೋಟ ಬಿಸಿನೀರು, ಉಪ್ಪು. ಒಂದು ಕುದಿ ಬಂದ ಕೂಡಲೇ ಉರಿ ತಗ್ಗಿಸಿ ಮುಚ್ಚಿ. ಅನ್ನಕ್ಕೆ ನೀರಿನ ಅಳತೆ ಒಂದೊಂದು ಮನೆಯಲ್ಲಿ ಒಂದೊಂದು ಇರುವುದಕ್ಕೆ ಕಾರಣ ಅಕ್ಕಿಗಿಂತ ಹೆಚ್ಚಾಗಿ ಪಾತ್ರೆ. ಬರೀ ಅನ್ನ ಮಾಡುವಾಗ ಅಕ್ಕಿ ತನ್ನಷ್ಟೇ ಅಳತೆಯ ನೀರನ್ನು ಹೀರುತ್ತದೆ, ಉಳಿದ ನೀರು ಆವಿಯಾಗುವುದಕ್ಕೆಂದು ಹಾಕುವುದು. ಆವಿಯಾಗುವ ಪ್ರಮಾಣ ಪಾತ್ರೆಯ ಅಗಲ, ಮುಚ್ಚಳದ ಬಿಗಿ, ಉರಿ ಇವುಗಳ ಮೇಲೆ ನಿಂತಿದೆ. ಅದಕ್ಕೇ ಅಕ್ಕಿ ದುಪ್ಪಟ್ಟು ಮಾಡಿದಾಗ ನೀರನ್ನೂ ದುಪ್ಪಟ್ಟು ಮಾಡಿದರೆ ಅನ್ನ ಮುದ್ದೆಯಾಗುತ್ತದೆ. ನಿಮ್ಮ ಪಾತ್ರೆ ಯಾವುದೆಂದು ಗೊತ್ತುಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಿ, ಎರಡು ಮೂರು ಸಲದಲ್ಲಿ ಅಳತೆ ಕೈಗೆ ಸಿಗುತ್ತದೆ.

ಟೊಮೆಟೊ ಇನ್ನೂ ತಟ್ಟೆಯಲ್ಲೇ ಇದೆ ಎಂಬುದನ್ನು ಗಮನಿಸಿದಿರಾ? ಬೇಳೆಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ಪದಾರ್ಥ ಹುಳಿಯಿದ್ದಲ್ಲಿ ಸುಲಭವಾಗಿ ಕರಗುವುದಿಲ್ಲ. ಬೇಯುವ ಮೊದಲೇ ಹುಳಿ ಸೇರಿದರೆ ಕಾಳು ಎಷ್ಟು ಹೊತ್ತಾದರೂ ಗಟ್ಟಿಯಾಗಿಯೇ ಉಳಿಯುತ್ತದೆ. ‘ಒಂದು ಗಂಟೆ ಬೇಯಿಸಿದೆ, ಮೆತ್ತಗಾಗಲೇ ಇಲ್ಲ’ ಎನ್ನುವವರನ್ನು ವಿಚಾರಿಸಿದರೆ ಮೊದಲೇ ಟೊಮೆಟೊ ಹಾಕಿರುವುದು ಎಷ್ಟೋ ಸಲ ಬೆಳಕಿಗೆ ಬರುತ್ತದೆ. ಕಾಳು ಬೆಂದ ಮೇಲೆ ಹುಳಿ. ಇದೊಂದನ್ನು ನೆನಪಿಟ್ಟರೆ ಎಷ್ಟೋ ಗ್ಯಾಸು, ಎಷ್ಟೋ ತಾಳ್ಮೆ ಉಳಿಯುತ್ತದೆ. ಇದಕ್ಕೆ ಸೇರಿದ ಇನ್ನೊಂದು ಸಂಗತಿ: ಇಡೀ ಕಾಳನ್ನು ರಾತ್ರಿ ನೆನೆಹಾಕುವಾಗ ನೀರಿಗೆ ಸ್ವಲ್ಪ ಉಪ್ಪು ಹಾಕಿದರೆ ಸಿಪ್ಪೆ ಬೇಗ ಮೆತ್ತಗಾಗುತ್ತದೆ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂದು ಹಲವರು ನಂಬಿದ್ದಾರೆ. ಬೇಯಲು ಬಿಡದಿರುವುದು ಹುಳಿ, ಉಪ್ಪಲ್ಲ.

ಮುಚ್ಚಿಟ್ಟ ಪಾತ್ರೆ ನಿಮಗೆ ಸುಮಾರು 20 ನಿಮಿಷ ಕೊಟ್ಟಿದೆ. ಮೊಬೈಲ್ ಕೈಗೆತ್ತಿಕೊಳ್ಳುವ ಮುನ್ನ ಮಣೆ, ಚಾಕು, ಅಳತೆಯ ಲೋಟ ತೊಳೆಯಿರಿ, ಕಟ್ಟೆ ಒರೆಸಿ, ಸಿಪ್ಪೆ ಎಸೆಯಿರಿ. ಐದಾರು ನಿಮಿಷದ ಕೆಲಸ. ಆಮೇಲಿನದು ನಿಮ್ಮದೇ ಹೊತ್ತು. ಬೇಳೆ ಮೆತ್ತಗಾದ ಮೇಲೆ ಟೊಮೆಟೊ ಸೇರಿಸಿ ಎರಡು ಕುದಿ ಬರಿಸಿ, ಸೊಪ್ಪು ಹಾಕಿ ಒಲೆ ಆರಿಸಿ, ಮುಚ್ಚಿ ಹತ್ತು ನಿಮಿಷ ಬಿಡಿ. ಸೊಪ್ಪು ಆ ಬಿಸಿಗೇ ಬಾಡುತ್ತದೆ. ತಳಕ್ಕೆ ಅಂಟಿದ್ದ ಅಗುಳು ಕೂಡ ಆ ಹಬೆಯಲ್ಲಿ ಸಡಿಲವಾಗುತ್ತದೆ. ಬಡಿಸುವ ಮುಂಚೆ ನಿಂಬೆರಸ ಹಿಂಡಿ. ಉಂಡಾದ ಮೇಲೆ ತೊಳೆಯಲು ಉಳಿದದ್ದು ಒಂದು ಪಾತ್ರೆ, ಒಂದು ಸೌಟು, ಎರಡು ತಟ್ಟೆ, ಎರಡು ಚಮಚ.

ಕುಕ್ಕರ್‌ನಲ್ಲಿ ಇದೇ ಅಡುಗೆ ಇನ್ನೂ ಬೇಗ ಆಗುತ್ತದೆ. ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಎರಡರಷ್ಟಾದಾಗ ನೀರು 120 ಡಿಗ್ರಿಯ ಹತ್ತಿರ ಕುದಿಯುತ್ತದೆ. ಆ 20 ಡಿಗ್ರಿಯೇ ಗಂಟೆಯ ಕೆಲಸವನ್ನು ನಿಮಿಷಗಳಿಗೆ ಇಳಿಸುತ್ತದೆ. ವಿಷಯ ಬಿಟ್ಟು ಸ್ವಲ್ಪ ಆಚೆ ಹೋಗುತ್ತೇನೆ, ಏಕೆಂದರೆ ಈ ಪಾತ್ರೆಯ ಕಥೆ ನನಗೆ ತುಂಬ ಇಷ್ಟ. ಇದರ ಮೂಲ 1679ರದ್ದು. ಫ್ರಾನ್ಸಿನಲ್ಲಿ ಹುಟ್ಟಿ ಲಂಡನ್ನಿಗೆ ಬಂದಿದ್ದ ಡೆನಿ ಪಾಪಾಂ ಎಂಬ ವಿಜ್ಞಾನಿ ಬಿಗಿಯಾಗಿ ಮುಚ್ಚುವ ಪಾತ್ರೆಯೊಂದನ್ನು ಮಾಡಿ ಅದಕ್ಕೆ ‘ಡೈಜೆಸ್ಟರ್’ ಎಂದು ಹೆಸರಿಟ್ಟ. ಎಸೆದುಬಿಡುವ ಎಲುಬನ್ನೂ ಕಡಿಮೆ ಇಂಧನದಲ್ಲಿ ಮೆತ್ತಗೆ ಬೇಯಿಸಿ ಬಡವರಿಗೂ ಪುಷ್ಟಿಯ ಊಟ ಸಿಗುವಂತೆ ಮಾಡಬೇಕೆಂಬುದು ಅವನ ಆಸೆ. 1682ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸದಸ್ಯರಿಗೆ ಅದರಲ್ಲೇ ಬೇಯಿಸಿದ ಊಟ ಬಡಿಸಿದ. ಒತ್ತಡ ಮೀರಿದಾಗ ಹಬೆಯನ್ನು ಹೊರಬಿಡುವ ಸುರಕ್ಷಾ ಕವಾಟವೂ ಅವನ ಕೊಡುಗೆಯೇ. ಸೀಟಿಯ ಸದ್ದಿಗೆ ಹೆದರಿ ಕುಕ್ಕರ್ ಮುಟ್ಟದವರು ಮುಚ್ಚಳದಲ್ಲಿ ಸೀಟಿ ಕೂರುವ ಹಬೆಯ ರಂಧ್ರ ಮುಚ್ಚಿಕೊಂಡಿಲ್ಲ ಎಂದು ಪ್ರತಿಸಲ ಬೆಳಕಿಗೆ ಹಿಡಿದು ನೋಡಿ, ಪಾತ್ರೆಯನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬದಿದ್ದರೆ ಸಾಕು. ಉಬ್ಬುವ ಅಕ್ಕಿ, ಬೇಳೆ, ಕಾಳುಗಳಾದರೆ ಅರ್ಧದವರೆಗೆ ಮಾತ್ರ. ತುಂಬಿ ತುಳುಕುವ ಕುಕ್ಕರ್ ಅಪಾಯವೂ ಹೌದು, ಮುಚ್ಚಳದ ತುಂಬ ಬೇಳೆಯ ನೊರೆ ಉಗುಳಿ ತೊಳೆಯುವ ಕೆಲಸ ಹೆಚ್ಚಿಸುವುದೂ ಹೌದು.

ಹುರಿದ ರುಚಿಗೆ ಬೇರೆ ದಾರಿ ಬೇಕು. ಕಂದು ಬಣ್ಣ, ಘಮ ಇವೆರಡೂ ಬರುವುದು ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಬಿಸಿಯಲ್ಲಿ ಕೂಡಿದಾಗ. 1912ರಲ್ಲಿ ಇದನ್ನು ವಿವರಿಸಿದ ಲೂಯಿ ಕಮೀಲ್ ಮಯಾರ್ ಹೆಸರಿನಿಂದಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ಅದು ಚುರುಕಾಗುವುದು ಸುಮಾರು 140 ಡಿಗ್ರಿಯ ಮೇಲೆ. ನೀರು ಇರುವವರೆಗೆ ತರಕಾರಿಯ ಮೇಲ್ಮೈ 100 ಡಿಗ್ರಿ ದಾಟುವುದಿಲ್ಲ. ಅಂದರೆ ಒದ್ದೆ ತರಕಾರಿ ಹುರಿಯಲಾರದು, ಬೇಯುತ್ತದೆ. ಕಿಕ್ಕಿರಿದು ತುಂಬಿದ ಬಾಣಲೆಯಲ್ಲೂ ಹೊರಬಂದ ಹಬೆ ಹೋಗಲು ಜಾಗ ಸಿಗದೆ ತರಕಾರಿ ಬೆಂದು ಮುದುರುತ್ತದೆ. ಅಗಲ ಬಾಣಲೆ ಬೇಕೆಂದು ಆಗ ಹೇಳಿದ್ದು ಇದಕ್ಕೇ. ನಾನು ಮಾಡುವ ಕ್ರಮ ಹೀಗೆ: ತೆಳ್ಳಗೆ ಹೆಚ್ಚಿದ ಗಟ್ಟಿ ತರಕಾರಿಯನ್ನು ನಾಲ್ಕು ಚಮಚ ನೀರಿನೊಂದಿಗೆ ಮುಚ್ಚಿ ಮೂರು ನಾಲ್ಕು ನಿಮಿಷ ಬೇಯಿಸುತ್ತೇನೆ. ಮುಚ್ಚಳ ತೆಗೆದು ನೀರು ಆರುವವರೆಗೆ ಕಾಯುತ್ತೇನೆ. ಸದ್ದು ಬದಲಾಗುತ್ತದೆ, ಗುಳುಗುಳು ಹೋಗಿ ಚರಚರ ಬರುತ್ತದೆ. ಆಗ ಎಣ್ಣೆ ಹಾಕಿ ಹರಡಿ, ಎರಡು ನಿಮಿಷ ಸೌಟನ್ನೇ ಮುಟ್ಟುವುದಿಲ್ಲ. ಮೊದಲೇ ಎಣ್ಣೆ ಸುರಿದು ಅದರಲ್ಲೇ ಬೇಯಿಸುವುದಕ್ಕಿಂತ ಇದಕ್ಕೆ ಎಣ್ಣೆ ಎಷ್ಟೋ ಕಡಿಮೆ ಸಾಕು.

ಸೌಟು ಮುಟ್ಟದೆ ಕಾಯುವುದು ಹೊಸಬರಿಗೆ ಬಲು ಕಷ್ಟ. ಸ್ಟೀಲಿನ ಬಾಣಲೆಯಲ್ಲಿ ಮೊಟ್ಟೆ, ಮೀನು, ಪನೀರ್ ಅಂಟಿಕೊಂಡಾಗ ಗಾಬರಿಯಾಗಿ ಕೆರೆಯುತ್ತಾರೆ. ತಳ ಚೆನ್ನಾಗಿ ಕಾದಿದ್ದು ಎಣ್ಣೆ ಇದ್ದರೆ, ಹೊರಪದರ ಕಂದಾಗುತ್ತಿದ್ದಂತೆ ಅದು ತಾನಾಗಿ ಬಿಡುತ್ತದೆ. ಅದಕ್ಕೆ ಮುಂಚೆ ಎಬ್ಬಿಸಿದರೆ ಅರ್ಧ ತಳದಲ್ಲೇ ಉಳಿಯುತ್ತದೆ. ಉಳಿದ ಕಂದು ಪದರವೂ ವ್ಯರ್ಥವಲ್ಲ. ಬಾಣಲೆ ಬಿಸಿಯಿರುವಾಗಲೇ ಕಾಲು ಲೋಟ ಬಿಸಿನೀರು ಅಥವಾ ಹೆಚ್ಚಿದ ಟೊಮೆಟೊ ಹಾಕಿ ಮರದ ಸೌಟಿನಿಂದ ಉಜ್ಜಿದರೆ ಅದೆಲ್ಲ ಕರಗಿ ರಸವಾಗುತ್ತದೆ. ಸೀದು ಕಪ್ಪಾಗಿದ್ದರೆ ಮಾತ್ರ ಬೇಡ, ಕಹಿ ಬರುತ್ತದೆ. ಆ ರಸದಲ್ಲೇ ಬೇಯಿಸಿಟ್ಟ ಕಡಲೆ ಕಾಳು ಹಾಕಿ, ನಾಲ್ಕು ಗುಳಿ ಮಾಡಿ ಮೊಟ್ಟೆ ಒಡೆದು, ಮುಚ್ಚಿ ಆರೇಳು ನಿಮಿಷ ಬಿಟ್ಟರೆ ಇನ್ನೊಂದು ಊಟ ಸಿದ್ಧ. ಬಾಣಲೆಯ ತಳ ಆಗಲೇ ಮುಕ್ಕಾಲು ಪಾಲು ತೊಳೆದಂತೆ ಆಗಿರುತ್ತದೆ.

ಓವನ್ ಇರುವವರಿಗೆ ಎರಡೇ ಮಾತು. 200ರಿಂದ 220 ಡಿಗ್ರಿ, ತಟ್ಟೆಯ ಮೇಲೆ ಬೇಕಿಂಗ್ ಕಾಗದ, ತರಕಾರಿ ಒಂದೇ ಪದರದಲ್ಲಿ. 25–30 ನಿಮಿಷದಲ್ಲಿ ಆಗುತ್ತದೆ.

ಇಷ್ಟರಲ್ಲಿ ಆರೋಗ್ಯ ಎಲ್ಲಿ ಬಂತು ಎಂದು ನೀವು ಕೇಳಬಹುದು. ನಾವು ಈಗ ಮಾಡಿದ ಎರಡು ಊಟಗಳಲ್ಲೇ ಅದು ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯ ತಜ್ಞರು 2011ರಲ್ಲಿ ಒಂದು ತಟ್ಟೆಯ ಚಿತ್ರ ಕೊಟ್ಟರು: ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣು, ಕಾಲು ತಟ್ಟೆ ಇಡೀ ಧಾನ್ಯ, ಕಾಲು ತಟ್ಟೆ ಪ್ರೋಟೀನು. ಕ್ಯಾಲೊರಿ ಎಣಿಸುತ್ತ ಕೂರುವುದಕ್ಕಿಂತ ಈ ಕಣ್ಣಳತೆ ಹೊಸಬರಿಗೆ ಬಹಳ ಉಪಕಾರಿ. ಅದರಂತೆ ನೋಡಿದರೆ ನಮ್ಮ ಅಕ್ಕಿ ಬೇಳೆಯ ಪಾತ್ರೆಗೆ ಇನ್ನೂ ಎರಡು ಹಿಡಿ ತರಕಾರಿ ಬೀಳಬೇಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಿ, ಉಪ್ಪನ್ನು 5 ಗ್ರಾಂಗಿಂತ ಕೆಳಗಿಡಿ ಎನ್ನುತ್ತದೆ. 5 ಗ್ರಾಂ ಎಂದರೆ ಮಟ್ಟಸವಾದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ, ಇಡೀ ದಿನಕ್ಕೆ. ಕೊನೆಗೆ ನಿಂಬೆರಸ ಹಿಂಡಲು ಹೇಳಿದ್ದು ಬಾಯಿರುಚಿಗೆ ಮಾತ್ರವಲ್ಲ. ಹುಳಿ ಸೇರಿದಾಗ ಕಡಿಮೆ ಉಪ್ಪೂ ಸಪ್ಪೆ ಎನಿಸುವುದಿಲ್ಲ.

ಹೆಪ್ಪುಗಟ್ಟಿಸಿದ ತರಕಾರಿಯನ್ನು ಕೀಳಾಗಿ ಕಾಣಬೇಡಿ. ಬಟಾಣಿ, ಬೀನ್ಸ್, ಮೆಕ್ಕೆಜೋಳ, ಪಾಲಕ್ ಇವನ್ನು ಕಿತ್ತ ಸ್ವಲ್ಪ ಹೊತ್ತಿನಲ್ಲೇ ಬಿಸಿನೀರಿನಲ್ಲಿ ಅದ್ದಿ ಹೆಪ್ಪುಗಟ್ಟಿಸುತ್ತಾರೆ. ಫ್ರಿಜ್‌ನಲ್ಲಿ ವಾರಗಟ್ಟಲೆ ಬಾಡಿದ ತಾಜಾ ತರಕಾರಿಗಿಂತ ಅವು ಪೋಷಕಾಂಶದಲ್ಲಿ ಹಿಂದೆ ಬೀಳುವುದಿಲ್ಲ. ತೊಳೆಯುವ, ಸುಲಿಯುವ, ಹೆಚ್ಚುವ ಕೆಲಸವೇ ಇಲ್ಲ. ಸಿ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಬಹಳ ನೀರಿನಲ್ಲಿ ಬೇಯಿಸಿ ಬಸಿದು ಚೆಲ್ಲುವುದಕ್ಕಿಂತ ಸ್ವಲ್ಪ ನೀರಿನ ಹಬೆಯಲ್ಲಿ ಬೇಯಿಸುವುದು ಮೇಲು. ಕ್ಯಾರೆಟ್ಟಿನ ಬಣ್ಣದ ಅಂಶ ಮೈಗೆ ಹತ್ತಲು ಕೊಂಚ ಎಣ್ಣೆ ಬೇಕೇ ಬೇಕು. ಎಣ್ಣೆಯನ್ನು ಪೂರ್ತಿ ಬಿಟ್ಟುಬಿಡುವವರು ಇದನ್ನು ಗಮನಿಸಲಿ.

ಒಂದು ಸಲ ಬೇಯಿಸಿ ಎರಡು ಮೂರು ಸಲ ಉಣ್ಣುವುದು ಒಳ್ಳೆಯ ಅಭ್ಯಾಸ, ಆದರೆ ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳಿರಬಹುದು, ಅವು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೊರಗೇ ಉಳಿದರೆ ಅವು ಮೊಳೆತು ವಿಷ ತಯಾರಿಸುತ್ತವೆ, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಅಗಲ ಡಬ್ಬಿಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿ. ಬೇಯಿಸಿದ್ದು ಯಾವುದೂ ಎರಡು ಗಂಟೆಗಿಂತ ಹೆಚ್ಚು ಹೊರಗಿರಬಾರದು. 5ರಿಂದ 60 ಡಿಗ್ರಿಯ ನಡುವೆ ರೋಗಾಣುಗಳು ಸೊಂಪಾಗಿ ಬೆಳೆಯುತ್ತವೆ. ಮತ್ತೆ ತಿನ್ನುವಾಗ ಒಳಗಿನವರೆಗೆ ಹಬೆಯಾಡುವಷ್ಟು ಬಿಸಿ ಮಾಡಿ. ರಾಜ್ಮಾ ಕಾಳಿನ ಬಗ್ಗೆಯೂ ಎಚ್ಚರ ಬೇಕು. ಹಸಿ ರಾಜ್ಮಾದಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಎಂಬ ಪ್ರೋಟೀನು ಇದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಬಿರುಸಾಗಿ ಕುದಿಸಿದರೆ ಅದು ನಾಶವಾಗುತ್ತದೆ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಅಷ್ಟು ಬಿಸಿಯಾಗದೆ ಹೋಗಬಹುದು, ಅದಕ್ಕೆ ಹಾಕುವ ಮೊದಲೇ ಬೇರೆ ಪಾತ್ರೆಯಲ್ಲಿ ಕುದಿಸಿಕೊಳ್ಳಿ. ಈ ಒಂದು ಪಾತ್ರೆಯನ್ನು ತೊಳೆಯಲು ಬೇಸರಿಸಬೇಡಿ.

ತೊಳೆಯುವುದರಲ್ಲೂ ಸ್ವಲ್ಪ ವಿಜ್ಞಾನ ಇದೆ. ಮೊಟ್ಟೆ, ಹಾಲು, ಹಿಟ್ಟು ಅಂಟಿದ ಪಾತ್ರೆಗೆ ಮೊದಲು ತಣ್ಣೀರು. ಬಿಸಿನೀರು ಬಿದ್ದರೆ ಪ್ರೋಟೀನು ಹೆಪ್ಪುಗಟ್ಟಿ, ಪಿಷ್ಟ ಗೋಂದಿನಂತಾಗಿ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಜಿಡ್ಡಿಗೆ ಇದರ ವಿರುದ್ಧ, ಬಿಸಿನೀರೇ ಬೇಕು. ಎಣ್ಣೆಯನ್ನು ಮೊದಲು ಕಾಗದದಿಂದ ಒರೆಸಿ ಕಸಕ್ಕೆ ಹಾಕಿ. ಸಿಂಕಿಗೆ ಸುರಿದದ್ದು ಕೊಳವೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ತೊಳೆಯುವ ಸರದಿಯೂ ಜಿಡ್ಡಿಲ್ಲದ ಲೋಟ ಚಮಚಗಳಿಂದ ಜಿಡ್ಡಿನ ಬಾಣಲೆಯ ಕಡೆಗೆ ಸಾಗಲಿ. ತಳ ಸೀದಿದ್ದರೆ ಉಜ್ಜಿ ಕೈ ನೋಯಿಸಿಕೊಳ್ಳಬೇಡಿ. ತಳ ಮುಳುಗುವಷ್ಟು ನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ ಆರಲು ಬಿಡಿ. ಬಹುಪಾಲು ಎದ್ದು ಬರುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಬೇಡ, ಕಪ್ಪಾಗುತ್ತದೆ. ಕೆಂಡದಂತೆ ಕಾದ ಬಾಣಲೆಯನ್ನು ನೇರವಾಗಿ ನಲ್ಲಿಯ ಕೆಳಗೆ ಹಿಡಿಯಬೇಡಿ, ತಳ ಡೊಂಕಾಗುತ್ತದೆ, ಆಮೇಲೆ ಅದು ಒಲೆಯ ಮೇಲೆ ಸಮನಾಗಿ ಕೂರುವುದೇ ಇಲ್ಲ.

ಕಲಿಯುವ ಬಗೆಯ ಬಗ್ಗೆ ಹಲವರು ಕೇಳಿದ್ದೀರಿ. ದಿನಕ್ಕೊಂದು ಹೊಸ ಅಡುಗೆ ಮಾಡುವವರಿಗೆ ಯಾವುದೂ ಕೈಗೆ ಹತ್ತುವುದಿಲ್ಲ, ಫ್ರಿಜ್‌ನಲ್ಲಿ ಅರ್ಧ ಬಳಸಿದ ಸಾಮಾನು ಮಾತ್ರ ತುಂಬುತ್ತದೆ. ಒಂದೇ ಅಡುಗೆಯನ್ನು ಪುಸ್ತಕ ನೋಡದೆ ಮಾಡುವಷ್ಟು ಸಲ ಮಾಡಿ, ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ. ಒಮ್ಮೆ ಬೇಳೆ, ಒಮ್ಮೆ ತರಕಾರಿ, ಒಮ್ಮೆ ಅಕ್ಕಿಯ ಬದಲು ಒಡೆದ ಗೋಧಿ. ಒಂದನ್ನೇ ಬದಲಿಸಿದಾಗ ರುಚಿ ಯಾಕೆ ಬದಲಾಯಿತು ಎಂದು ನಾಲಿಗೆಗೆ ತಿಳಿಯುತ್ತದೆ. ಒಲೆಯ ಮುಂದೆ ನಿಂತು ಮೂರು ಹಂತಗಳಲ್ಲಿ ರುಚಿ ನೋಡಿ: ಉಪ್ಪು ಹಾಕಿದ ಮೇಲೆ, ಬೆಂದ ಮೇಲೆ, ಹುಳಿ ಸೇರಿಸಿದ ಮೇಲೆ. ರುಚಿ ನೋಡುವ ಅಭ್ಯಾಸವಿಲ್ಲದೆ ಅಳತೆಯನ್ನಷ್ಟೇ ನಂಬಿದವರು ವರ್ಷ ಕಳೆದರೂ ಪಟ್ಟಿ ಬಿಟ್ಟು ಕದಲಲಾರರು.

ಕೊನೆಯ ಸಾಲಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ: ‘ಒಬ್ಬನೇ ಇರುತ್ತೇನೆ. ಹೆಚ್ಚಲೂ ಚೈತನ್ಯವಿಲ್ಲದ ದಿನ ಏನು ಮಾಡಲಿ?’ ಆ ದಿನಕ್ಕೆ ಬೇಕಾದ್ದನ್ನು ಚೈತನ್ಯವಿದ್ದ ದಿನವೇ ಮಾಡಿಟ್ಟಿರಬೇಕು. ವಾರಕ್ಕೊಮ್ಮೆ ಒಂದು ಕುಕ್ಕರ್ ಕಾಳು, ಒಂದು ಪಾತ್ರೆ ಅನ್ನ ಮಾಡಿ, ಒಂದೊಂದು ಊಟಕ್ಕೆ ಬೇಕಾದಷ್ಟನ್ನು ಚಪ್ಪಟೆಯಾಗಿ ಚೀಲಗಳಲ್ಲಿ ತುಂಬಿ ಫ್ರೀಜರ್‌ನಲ್ಲಿಡಿ. ಚಪ್ಪಟೆಯಾಗಿಯೇ ಇರಲಿ, ದಪ್ಪದ ಲೆಕ್ಕ ಇಲ್ಲೂ ನಡೆಯುತ್ತದೆ, ಬೇಗ ಕರಗುತ್ತದೆ. ಸಾಕಾದ ಸಂಜೆ ಬಾಣಲೆಗೆ ಎರಡು ಚಮಚ ನೀರು, ಫ್ರೀಜರ್‌ನಿಂದ ತೆಗೆದ ಅನ್ನ, ಒಂದು ಹಿಡಿ ಬಟಾಣಿ, ಒಂದು ಹಿಡಿ ಕಾಳು ಹಾಕಿ ಮುಚ್ಚಿ. ಚೆನ್ನಾಗಿ ಹಬೆಯಾಡಿದ ಮೇಲೆ ಎಲ್ಲವನ್ನೂ ಒಂದು ಬದಿಗೆ ಸರಿಸಿ, ಖಾಲಿಯಾದ ಜಾಗಕ್ಕೆ ಎಣ್ಣೆ ಬಿಟ್ಟು ಮೊಟ್ಟೆ ಒಡೆಯಿರಿ, ಗಟ್ಟಿಯಾಗುತ್ತಿದ್ದಂತೆ ಕಲಸಿ, ಮೆಣಸಿನ ಪುಡಿ ಉದುರಿಸಿ. ಮೊಟ್ಟೆ ತಿನ್ನದವರು ಕಾಳನ್ನೇ ಎರಡು ಹಿಡಿ ಮಾಡಿಕೊಳ್ಳಿ. ಚಾಕು, ಮಣೆ ಎರಡೂ ಬೇಡದ ಊಟ ಇದು. ಬಾಣಲೆಯಿಂದ ತಟ್ಟೆಗೆ ಹಾಕಿಕೊಂಡ ಕೂಡಲೇ, ಬಾಣಲೆ ಇನ್ನೂ ಕಾದಿರುವುದರಿಂದ ತಣ್ಣೀರಿನ ಬದಲು ಸ್ವಲ್ಪ ಬಿಸಿನೀರು ಹಾಕಿ ಮುಚ್ಚಿಟ್ಟು ಊಟಕ್ಕೆ ಕುಳಿತುಕೊಳ್ಳಿ.